ಕಂದು ಹಲ್ಲು ಯಾರ ತಪ್ಪು?

ಮಕ್ಕಳೇ, ನಿಮ್ಮ ತರಗತಿಯಲ್ಲಿ ಯಾರದಾದರೂ ಹಲ್ಲಿನ ಮೇಲೆ ಕಂದು ಪಟ್ಟೆಗಳಿವೆಯೇ? 'ಇವನು ಹಲ್ಲುಜ್ಜುವುದಿಲ್ಲ' ಎಂದು ಹಾಸ್ಯ ಮಾಡುವುದು ಸರಿಯಲ್ಲ. ಅದು ಎಷ್ಟು ಉಜ್ಜಿದರೂ ಹೋಗದ ಕಲೆಯಾಗಿರಬಹುದು.

ಪಾವಗಡದಂತಹ ತಾಲ್ಲೂಕುಗಳಲ್ಲಿ ಅನೇಕ ಕೊಳವೆಬಾವಿಗಳ ನೀರಿಗೆ ಬಂಡೆಗಳಿಂದ ಫ್ಲೋರೈಡ್ ಸೇರುತ್ತದೆ. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಅದು 1.5 ಮಿಲಿಗ್ರಾಂ ಮೀರಬಾರದು. ಸುಮಾರು 8 ವರ್ಷದೊಳಗೆ, ಒಸಡಿನ ಒಳಗೆ ಹಲ್ಲಿನ ಎನಾಮಲ್ ರೂಪುಗೊಳ್ಳುವಾಗ, ಫ್ಲೋರೈಡ್ ಹೆಚ್ಚಾದರೆ ಕಲೆ ಉಳಿದುಬಿಡುತ್ತದೆ.

ಕಲೆ ತೆಗೆಯಲು ಇಟ್ಟಿಗೆ ಪುಡಿಯಿಂದ ತಿಕ್ಕಬೇಡಿ, ಎನಾಮಲ್ ಸವೆಯುತ್ತದೆ. ನೀರು ಕುದಿಸಿದರೂ ಫ್ಲೋರೈಡ್ ಹೋಗದು. ಊರಿನ ನೀರನ್ನು ಪರೀಕ್ಷಿಸುವಂತೆ ಗ್ರಾಮ ಪಂಚಾಯಿತಿಯನ್ನು ಕೇಳಲು ಹಿರಿಯರಿಗೆ ಹೇಳಿ. ಕುಡಿಯಲು, ಅಡುಗೆಗೆ ಫ್ಲೋರೈಡ್ ತೆಗೆದ ನೀರನ್ನೇ ಬಳಸಿ.

ಗೆಳೆಯನ ಹಲ್ಲು ನೋಡಿ ನಗುವುದಕ್ಕಿಂತ, ಪುಟ್ಟ ತಮ್ಮ ತಂಗಿಯರ ಹಲ್ಲು ಉಳಿಸುವುದು ಮೇಲಲ್ಲವೇ?