ಕಳೆಯೋ ಕಲೆಯೋ: ಶ್ರವಣವಿಜ್ಞಾನದ ಅರ್ಜಿ ಕೇಳದ ಅರ್ಹತೆ

ಗೋವೆಯ ವಾಸ್ಕೋ, ಝುವಾರಿನಗರ, ಮಡಗಾವಿ ಪರಿಸರಗಳಲ್ಲಿ ಉತ್ತರ ಕರ್ನಾಟಕದಿಂದ ದುಡಿಮೆಗಾಗಿ ಬಂದು ನೆಲೆಸಿದ ಕುಟುಂಬಗಳು ಅನೇಕ. 2011ರ ಜನಗಣತಿಯಲ್ಲಿ ಆ ರಾಜ್ಯದ ನೂರರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದ್ದಾರೆ. ಅಂಥ ಮನೆಯ ಮಕ್ಕಳಲ್ಲಿ ಯಾರಾದರೂ ಶ್ರವಣವಿಜ್ಞಾನದ, ಎಂದರೆ ಆಡಿಯಾಲಜಿಯ, ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಿದರೆ, ಅವರಲ್ಲಿ ಅರ್ಜಿ ನಮೂನೆಯು ಕೇಳದ ಒಂದು ಅರ್ಹತೆ ಇರುತ್ತದೆ. ಅದು ಅವರ ಮನೆಮಾತು.

ಅರ್ಜಿ ಕೇಳುವುದು ಬೇರೆಯದನ್ನು. ಪಿಯುಸಿಯಲ್ಲಿ ವಿಜ್ಞಾನ, ಅನಂತರ ಒಂದು ವರ್ಷದ ತರಬೇತಿಯೂ ಸೇರಿ ನಾಲ್ಕು ವರ್ಷಗಳ ಬಿ.ಎ.ಎಸ್.ಎಲ್.ಪಿ. ಪದವಿ, ಆಮೇಲೆ ಎರಡು ವರ್ಷಗಳ ಎಂ.ಎಸ್ಸಿ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಪ್ರವೇಶ ಪರೀಕ್ಷೆಯ ಮೂಲಕ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುತ್ತದೆ. ವೃತ್ತಿಗಿಳಿಯಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಇವೆಲ್ಲ ಅವಶ್ಯಕವೇ, ಆದರೆ ಇವಿಷ್ಟೇ ಸಾಲವು.

ಕಿವಿಯ ಪರೀಕ್ಷೆಯಲ್ಲಿ ಮುಖ್ಯವಾಗಿ ಎರಡು ಬಗೆ. ಶುದ್ಧ ನಾದದ ಪರೀಕ್ಷೆಗೆ ಭಾಷೆ ಬೇಕಿಲ್ಲ. 250ರಿಂದ 8000 ಹರ್ಟ್ಸ್‌ವರೆಗಿನ ನಾದಗಳು ಕೇಳಿದಾಗ ಕೈಯೆತ್ತಿದರೆ ಸಾಕು. ಮಾತಿನ ಪರೀಕ್ಷೆ ಹಾಗಲ್ಲ. ಅಲ್ಲಿ ಪದಗಳನ್ನು ಕೇಳಿಸಿ, ಕೇಳಿದಂತೆ ಮರುನುಡಿಯಲು ಹೇಳುತ್ತಾರೆ. ನಾದ ಕೇಳಿಸಿದರೂ ಮಾತು ತಿಳಿಯುತ್ತಿದೆಯೇ, ಶ್ರವಣಸಾಧನದಿಂದ ಎಷ್ಟು ಪ್ರಯೋಜನವಾದೀತು ಎಂಬುದು ಇಲ್ಲಿ ಗೊತ್ತಾಗಬೇಕು. ಕೇಳುವವನಿಗೆ ಪರಿಚಯವಿಲ್ಲದ ಭಾಷೆಯಲ್ಲಿ ಈ ಪರೀಕ್ಷೆ ನಡೆದರೆ, ಅಂಕ ಕುಸಿದದ್ದು ಕಿವಿಯ ದೋಷದಿಂದಲೋ ಭಾಷೆಯ ಅಪರಿಚಯದಿಂದಲೋ ಹೇಳಲಾಗದು.

ಪದಪಟ್ಟಿ ಕನ್ನಡದ್ದೇ ಆದರೂ ತೊಡಕು ಮುಗಿಯದು. ‘ಕಳೆ’ ಎಂದು ಕೇಳಿಸಿದಾಗ ರೋಗಿ ‘ಕಲೆ’ ಎಂದನೆನ್ನೋಣ. ಲಕಾರ ಳಕಾರಗಳ ಭೇದವನ್ನು ಗುರುತಿಸದ ಪರೀಕ್ಷಕ ಅದನ್ನು ಸರಿಯೆಂದು ಬರೆದುಕೊಳ್ಳುತ್ತಾನೆ. ಇನ್ನೊಬ್ಬ ರೋಗಿ ‘ಹಾಲು’ ಎಂಬುದನ್ನು ‘ಆಲು’ ಎಂದರೆ, ಹಕಾರ ಬಿಡುವ ಆಡುನುಡಿಯನ್ನರಿಯದವನು ಅದನ್ನು ತಪ್ಪೆಂದು ಎಣಿಸುತ್ತಾನೆ. ಮೊದಲನೆಯವನಲ್ಲಿ ಇರುವ ದೋಷ ಮರೆಯಾಗುತ್ತದೆ. ಎರಡನೆಯವನಿಗೆ ಇಲ್ಲದ ದೋಷ ಅಂಟುತ್ತದೆ. ವರ್ಷಗಟ್ಟಲೆ ಯಂತ್ರದ ಸದ್ದಿನ ನಡುವೆ ದುಡಿದು ಬಂದ ಕಾರ್ಮಿಕನೊಬ್ಬನಿಗೆ ಇದು ಸಣ್ಣ ನಷ್ಟವಲ್ಲ.

ವೈದ್ಯಕೀಯ ವಿದ್ಯೆಗೆ ಭಾಷೆಯ ಬೇಲಿ ಹಾಕಬಾರದೆಂಬ ಆಕ್ಷೇಪ ಇಲ್ಲಿ ಬರಬಹುದು. ಅದು ನ್ಯಾಯವಾದ ಮಾತು. ಮನೆಮಾತಿನ ಆಧಾರದ ಮೇಲೆ ಯಾರನ್ನೂ ಹೊರಗಿಡಬೇಕಾಗಿಲ್ಲ. ಗೋವೆಯಲ್ಲಿ ಕೊಂಕಣಿ ಆಡುವವರಿಗೆ ಕೊಂಕಣಿಯ ಪದಪಟ್ಟಿ ಎಷ್ಟು ಮುಖ್ಯವೋ, ಕನ್ನಡಿಗರಿಗೆ ಕನ್ನಡದ್ದೂ ಅಷ್ಟೇ ಮುಖ್ಯ. ಅರ್ಜಿದಾರರು ಮುಂಬಯಿ, ಮಣಿಪಾಲ, ಮೈಸೂರುಗಳಲ್ಲಿ ಒಂದನ್ನು ಆರಿಸುವಾಗ ಶುಲ್ಕ, ಸ್ಥಾನಗಳ ಸಂಖ್ಯೆಗಳ ಜೊತೆಗೆ ಇನ್ನೊಂದನ್ನೂ ವಿಚಾರಿಸಬೇಕು: ತಾವು ಮುಂದೆ ಸೇವೆ ಸಲ್ಲಿಸಲಿರುವ ಜನರ ಭಾಷೆಯಲ್ಲಿ ಪರೀಕ್ಷೆ ನಡೆಸುವ ಅಭ್ಯಾಸ ಅಲ್ಲಿ ದೊರೆಯುವುದೇ? ಕನ್ನಡದಲ್ಲಿ ಪರೀಕ್ಷಾ ಪದಪಟ್ಟಿಗಳು ರೂಪುಗೊಂಡದ್ದು ಮೈಸೂರಿನ ಸಂಸ್ಥೆಯಲ್ಲಿ ಎಂಬುದನ್ನು ಗೋವೆಯ ಕನ್ನಡ ವಿದ್ಯಾರ್ಥಿ ಮರೆಯಬಾರದು.

ಕನ್ನಡವನ್ನು ಐಚ್ಛಿಕವಾಗಿ ಓದುವವರಿಗೆ ಈ ಸ್ನಾತಕೋತ್ತರ ಪದವಿಗೆ ನೇರ ಪ್ರವೇಶವಿಲ್ಲ. ಆದರೂ ಈ ವಿಷಯ ಅವರಿಗೆ ಹೊರಗಿನದಲ್ಲ. ಪದಪಟ್ಟಿಯೊಂದು ಸಿದ್ಧವಾಗಬೇಕಾದರೆ ಭಾಷೆಯ ಧ್ವನಿಗಳು ಯಾವ ಪ್ರಮಾಣದಲ್ಲಿ ಬರುತ್ತವೆ, ಯಾವ ಪದ ಯಾವ ಸೀಮೆಯಲ್ಲಿ ಪರಿಚಿತ, ಉಪಭಾಷೆಗಳಲ್ಲಿ ಉಚ್ಚಾರ ಹೇಗೆ ಬದಲಾಗುತ್ತದೆ ಎಂಬುದು ತಿಳಿದಿರಬೇಕು. ಅದು ಧ್ವನಿಶಾಸ್ತ್ರ ಹಾಗೂ ಉಪಭಾಷಾ ಅಧ್ಯಯನದ ಕೆಲಸ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕುಳ, ಕ್ಷಳ, ರಳಗಳನ್ನು ಬೇರ್ಪಡಿಸಿ ನಿರೂಪಿಸಿದ್ದನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿ ಮರೆಯುವವರೇ ಹೆಚ್ಚು. ಅದೇ ಸೂಕ್ಷ್ಮತೆ ಇಂದು ಕಿವಿ ಮಂದವಾದ ಒಬ್ಬ ಮನುಷ್ಯನ ನೆರವಿಗೆ ಬರಬಲ್ಲದು. ಶ್ರವಣವಿಜ್ಞಾನಕ್ಕೆ ಅರ್ಜಿ ಹಾಕುತ್ತಿರುವ ಗೆಳೆಯರು ಕನ್ನಡ ವಿಭಾಗದ ಬಾಗಿಲನ್ನು ತಟ್ಟಲಿ. ವಿಭಾಗವೂ ಅವರಿಗಾಗಿ ತೆರೆದಿರಲಿ.