ಆತ್ಮಸಾಕ್ಷಿಯೇ, ಪಕ್ಷದ ಮಾತೇ?

1969ರ ರಾಷ್ಟ್ರಪತಿ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವರೆಡ್ಡಿ. ಹಾಗಿದ್ದೂ ಆತ್ಮಸಾಕ್ಷಿಯಂತೆ ಮತ ಹಾಕಿ ಎಂದು ಇಂದಿರಾ ಗಾಂಧಿ ಹೇಳಿದ್ದು ಸರಿಯೇ?

ಪರ

ಸರಿ. ಕಾರಣ ಮೂರು.

ಒಂದು, ರೆಡ್ಡಿಯವರನ್ನು ಆರಿಸಿದ್ದು ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ್ದ ಸಂಸದೀಯ ಮಂಡಳಿಯ ಬೆರಳೆಣಿಕೆಯ ನಾಯಕರು. ಪ್ರಧಾನಿ ಸೂಚಿಸಿದ ಜಗಜೀವನ್ ರಾಮ್ ಹೆಸರು ಅಲ್ಲೇ ಬಿದ್ದುಹೋಯಿತು. ದಲಿತರೊಬ್ಬರು ರಾಷ್ಟ್ರಪತಿಯಾಗಲು ದೇಶ 1997ರವರೆಗೆ ಕಾಯಬೇಕಾಯಿತು.

ಎರಡು, ಈ ಚುನಾವಣೆಗೆ ಸಂವಿಧಾನವೇ ಗುಪ್ತ ಮತದಾನ ವಿಧಿಸಿದೆ. ಶಾಸಕ, ಸಂಸದರ ಮತ ಪಕ್ಷದ ಸ್ವತ್ತಲ್ಲ.

ಮೂರು, ಫಲಿತಾಂಶ. ಎರಡನೇ ಪ್ರಾಶಸ್ತ್ಯದ ಎಣಿಕೆ ಮುಗಿದಾಗ ಪಕ್ಷೇತರರಾಗಿ ನಿಂತಿದ್ದ ವಿ.ವಿ. ಗಿರಿ 4,20,077, ರೆಡ್ಡಿ 4,05,427.

ರೆಡ್ಡಿಯವರ ನಾಮಪತ್ರಕ್ಕೆ ಇಂದಿರಾ ಸಹಿ ಹಾಕಬಾರದಿತ್ತು, ಒಪ್ಪುತ್ತೇನೆ. ಅಷ್ಟರಿಂದ ಮಂಡಳಿಯ ಆಯ್ಕೆ ಸರಿಯಾಗುವುದಿಲ್ಲ.

ವಿರೋಧ

ಖಂಡಿತ ತಪ್ಪು. ಮೇಲಿನವರು ಒಂದೇ ಸಾಲಿನಲ್ಲಿ ದಾಟಿಹೋದ ಆ ಸಹಿಯೇ ಇಲ್ಲಿನ ಇಡೀ ಪ್ರಶ್ನೆ. ರೆಡ್ಡಿಯವರ ಹೆಸರು ಸೂಚಿಸಿ ಸಹಿ ಹಾಕಿದ ಕೈಯೇ ಅವರನ್ನು ಕೆಡವಿತು.

ಕಾಶಿಯಲ್ಲಿ ನಮ್ಮ ಕರ್ನಾಟಕ ಘಾಟ್‌ಗೆ ಅಂಟಿಕೊಂಡೇ ಹರಿಶ್ಚಂದ್ರ ಘಾಟ್ ಇದೆ. ಇಂದಿಗೂ ಅಲ್ಲಿ ಚಿತೆಗಳು ಉರಿಯುತ್ತವೆ. ರಾಘವಾಂಕನನ್ನು ಓದಿದವರಿಗೆ ಅದು ಬರೀ ಸುಡುಗಾಡಲ್ಲ. ವೀರಬಾಹುವಿನ ಆಳಾಗಿ ಮಸಣ ಕಾಯುತ್ತಿದ್ದ ಅರಸ, ಮಗನ ಹೆಣ ಹೊತ್ತು ತಂದ ಹೆಂಡತಿ ಚಂದ್ರಮತಿಯನ್ನೂ ಸುಂಕ ಕೊಡದೆ ಸುಡಗೊಡಲಿಲ್ಲ. ಅವನ ಕರುಳು ಏನು ಹೇಳುತ್ತಿತ್ತೆಂದು ಬಿಡಿಸಿ ಹೇಳಬೇಕೇ? ಹಾಗಿದ್ದೂ ತಾನು ಒಪ್ಪಿಕೊಂಡ ಕಟ್ಟಳೆಯನ್ನು ತನ್ನವರಿಗಾಗಿ ಸಡಿಲಿಸಲಿಲ್ಲ. ಆತ್ಮಸಾಕ್ಷಿಯ ಹೆಸರೆತ್ತುವವರು ಈ ಅಳತೆಗೆ ನಿಲ್ಲಬೇಕು. ಮಂಡಳಿಯಲ್ಲಿ ಸೋತ ಮೇಲೆ ನೆನಪಾದ ಆತ್ಮಸಾಕ್ಷಿಗೆ ಏನು ಬೆಲೆ?

ಗುಪ್ತ ಮತದಾನದ ನೆವ ಬೇಡ. ಸದಸ್ಯನೊಬ್ಬ ಗುಟ್ಟಾಗಿ ಮತ ಹಾಕುವುದು ಬೇರೆ, ಪ್ರಧಾನಿಯೇ ತಮ್ಮ ಅಭ್ಯರ್ಥಿಯನ್ನು ನಡುನೀರಿನಲ್ಲಿ ಕೈಬಿಡುವುದು ಬೇರೆ. ರೆಡ್ಡಿಯವರ ಯೋಗ್ಯತೆಯ ಮಾತೂ ಬೇಡ: 1977ರಲ್ಲಿ ಅವರು ಅವಿರೋಧವಾಗಿ ರಾಷ್ಟ್ರಪತಿಯಾದರು.

ಕಾಂಗ್ರೆಸ್ ಅಧ್ಯಕ್ಷ ನಿಜಲಿಂಗಪ್ಪನವರು ಜನಸಂಘ, ಸ್ವತಂತ್ರ ಪಕ್ಷಗಳ ಬಳಿ ಎರಡನೇ ಪ್ರಾಶಸ್ತ್ಯದ ಮತ ಕೇಳಿದ್ದು ಅವಿವೇಕ. ಪಕ್ಷದೊಳಗಿನ ಅನುಮಾನಕ್ಕೆ ಅದೇ ಗೊಬ್ಬರವಾಯಿತು, ಅಲ್ಲಗಳೆಯಲಾರೆ. ಜಗಜೀವನ್ ರಾಮ್ ಅವರನ್ನು ಬದಿಗೆ ಸರಿಸಿದ್ದೂ ನನಗೆ ನೋವಿನ ಸಂಗತಿಯೇ. ಆದರೆ ನಿಜಲಿಂಗಪ್ಪ ಕೇಳಿದ್ದು ಪಕ್ಷ ಆರಿಸಿದವರಿಗೇ ಮತ.

ನವೆಂಬರಿನಲ್ಲಿ ಕಾಂಗ್ರೆಸ್ ಒಡೆಯಿತು. ಕೂತು ಚರ್ಚಿಸಿ, ಸೋತವರೂ ತಲೆಬಾಗುವ ಪದ್ಧತಿ ಅಲ್ಲಿಗೆ ಮುಗಿಯಿತು. ಆಮೇಲೆ ಹೈಕಮಾಂಡ್ ಬರೆದದ್ದೇ ಪಟ್ಟಿ, ಟಿಕೆಟ್ ತಪ್ಪಿದವರದ್ದು ಬಂಡಾಯ. ಮಂಡಳಿಯ ಆಯ್ಕೆ ಹಿಡಿಸದಿದ್ದರೆ ಇಂದಿರಾ ಅಲ್ಲೇ, ಆಗಲೇ ಹೋರಾಡಬಹುದಿತ್ತು. ಸಹಿ ಹಾಕೆನೆಂದು ಎದ್ದು ಬರಬಹುದಿತ್ತು. ಹಾಗೆ ಮಾಡಿದ್ದರೆ ನಾನೂ ಅವರ ಪರವೇ ಬರೆಯುತ್ತಿದ್ದೆ.