ಟಿಕಳಿ, ವಿಭೂತಿ, ಧೈರ್ಯ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ವಿಜಯಪುರಕ್ಕೆ ಹೊರಡುವ ಮುಂಜಾನೆಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಗದ್ದಲ ಜೋರು. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದಮೇಲಂತೂ ಕೇಳುವುದೇ ಬೇಡ. ಕಾಲೇಜಿಗೆ ಹೋಗುವವರು, ನರ್ಸಿಂಗ್ ಕಲಿಯುವವರು, ಅಂಗಡಿಗಳಲ್ಲಿ ಕೆಲಸಕ್ಕಿರುವವರು. ಊರು ಹತ್ತಿರವಾದಂತೆ ಮೊಬೈಲಿನ ಕ್ಯಾಮೆರಾವೇ ಕನ್ನಡಿ. ಗಾಳಿಗೆ ಕೆದರಿದ ಕೂದಲು ಕ್ಲಿಪ್ಪಿಗೆ ಸೇರುತ್ತದೆ, ಬೆವರಿಗೆ ಜಾರಿದ ಟಿಕಳಿ ಮತ್ತೆ ಹುಬ್ಬುಗಳ ನಟ್ಟನಡುವೆ ಕೂಡುತ್ತದೆ, ಓಢಣಿಯ ಪಿನ್ನು ಸರಿಹೋಗುತ್ತದೆ. ಇಷ್ಟು ಮಾಡಿಕೊಂಡರೆ ನಾಲ್ಕು ಮಂದಿಯ ಮುಂದೆ ಮಾತಾಡಲು ಧೈರ್ಯ ಬರುತ್ತದೆ ಎನ್ನುವುದು ಹುಡುಗಿಯರ ಮಾತು. ಧೈರ್ಯ ಬರಬೇಕಾದದ್ದು ಓದಿನಿಂದ, ಇದೆಲ್ಲ ಮಂದಿಗೆ ತೋರಿಸುವುದಕ್ಕೆ ಎನ್ನುವುದು ಮನೆಯ ಹಿರಿಯರ ಮಾತು. ಎರಡರಲ್ಲೂ ಹುರುಳಿದೆ.

ಹಿರಿಯರದು ಹಳೇ ಕಾಲದ ಮಾತೆಂದು ತಳ್ಳಿಹಾಕಬಾರದು. ಇದು ಬಸವಣ್ಣ ಹುಟ್ಟಿದ ನೆಲ. ಒಳಗನ್ನು ಹಾಗೇ ಬಿಟ್ಟು ಹೊರಗನ್ನಷ್ಟೇ ತೊಳೆಯುವವರನ್ನು ಹನ್ನೆರಡನೆಯ ಶತಮಾನದ ಶರಣರು ನೇರವಾಗಿ ಕೇಳಿದರು. ಅಕ್ಕಮಹಾದೇವಿ ಅರಮನೆಯನ್ನೂ ಒಡವೆ ವಸ್ತ್ರಗಳನ್ನೂ ಬಿಟ್ಟು ಹೊರಟಳು. ನೋಡುವವರ ಕಣ್ಣಿಗೆ ತಕ್ಕಂತೆ ಬದುಕಲೊಲ್ಲೆನೆಂಬ ಆ ಗಟ್ಟಿತನದ ಮುಂದೆ ಯಾವ ಸಿಂಗಾರ ನಿಂತೀತು? ವಿಜಯಪುರದಲ್ಲಿ 2003ರಲ್ಲಿ ಶುರುವಾದ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅವಳ ಹೆಸರನ್ನೇ ಇಟ್ಟರು. ಅಲ್ಲಿಗೆ ಹೋಗುವ ಹುಡುಗಿಯೊಬ್ಬಳು "ಲಿಪ್‌ಸ್ಟಿಕ್ ಹಚ್ಚಲಾರದ ಹೊರಗ ಹೋಗಾಕ ನಾಚಿಕಿ ಬರ್ತದ" ಎಂದರೆ ಚಿಂತೆ ಮಾಡಬೇಕಾದ ಮಾತೇ. ಆ ಬಣ್ಣ ಅವಳಲ್ಲಿದ್ದ ಧೈರ್ಯವನ್ನೇ ಒತ್ತೆ ಇಟ್ಟುಕೊಂಡಿರುತ್ತದೆ.

ಆದರೆ ಅದೇ ಶರಣರು ಹಣೆಯನ್ನು ಬರಿದು ಬಿಡಲಿಲ್ಲ. ವಿಭೂತಿ, ರುದ್ರಾಕ್ಷಿ, ಕೊರಳಿನ ಇಷ್ಟಲಿಂಗ ಎಲ್ಲವೂ ಮೈಮೇಲೆ ತೊಟ್ಟುಕೊಳ್ಳುವಂಥವೇ. ಗುಡಿಯೊಳಗೆ ಕಾಲಿಡುವ ಹಕ್ಕಿಲ್ಲದವರಿಗೂ ಹೆಂಗಸರಿಗೂ ಅವು ಸಿಕ್ಕಾಗ ತಲೆಯೆತ್ತಿ ನಿಲ್ಲುವ ಬಲ ಬಂತು. ಅದನ್ನು ಸಿಂಗಾರವೆನ್ನಲಾಗದು, ಅದು ಶ್ರದ್ಧೆ. ಆದರೂ ಮೈಮೇಲಿನ ಸಣ್ಣದೊಂದು ಗುರುತು ಮನುಷ್ಯನ ನಿಲುವನ್ನೇ ಬದಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಕಾಣುವುದಿಲ್ಲ. ಇನ್ನು ಶರಣರ ಕಾಯಕಗಳು. ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ, ಬಸವಣ್ಣನ ಮಡದಿ ನೀಲಮ್ಮನ ಜೊತೆಗೇ ಹಡಪದ ಅಪ್ಪಣ್ಣನನ್ನೂ ನೆನೆಯುತ್ತಾರೆ. ಬಸವಣ್ಣನಿಗೆ ತೀರಾ ಹತ್ತಿರದವನಾಗಿದ್ದ ಈ ಶರಣನನ್ನು ಕ್ಷೌರಿಕ ಸಮಾಜ ತಮ್ಮವನೆಂದು ಎದೆಗಪ್ಪಿಕೊಂಡಿದೆ. ಬಟ್ಟೆ ಒಗೆಯುವ ಕಾಯಕದ ಮಡಿವಾಳ ಮಾಚಯ್ಯನೂ ಶರಣರ ಸಾಲಿನಲ್ಲಿ ದೊಡ್ಡ ಹೆಸರು. ಮನುಷ್ಯರನ್ನು ಒಪ್ಪವಾಗಿಡುವ ಕಾಯಕಗಳಿಗೆ ಇಷ್ಟು ಮನ್ನಣೆ ಕೊಟ್ಟ ಪರಂಪರೆ ಒಪ್ಪ ಓರಣವನ್ನು ಕೀಳಾಗಿ ಕಂಡಿತ್ತೆನ್ನಲು ಬರುವುದಿಲ್ಲ.

ಹಿರಿಯರ ಮನೆಯಲ್ಲೇ ನೋಡಿ. ಸಂತೆಗೋ ಕೋರ್ಟಿಗೋ ಹೊರಟ ಅಜ್ಜ ಬಿಳೀ ಪಟಕಾ ಸುತ್ತಿಕೊಳ್ಳುವಾಗ ಒಂದು ಮಡಿಕೆ ಸೊಟ್ಟಗಾದರೂ ಪೂರ್ತಿ ಬಿಚ್ಚಿ ಮತ್ತೆ ಸುತ್ತುತ್ತಾನೆ. ಅಜ್ಜಿ ಮದುವೆಗೆ ಹೊರಟರೆ ಟ್ರಂಕಿನಿಂದ ಇಳಕಲ್ ಸೀರೆಯೇ ಹೊರಬರಬೇಕು, ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ. ಸೆರಗಿನ ಟೋಪು ತೆನಿ ಮಂದಿಗೆ ಕಾಣುವ ಹಾಗೆ ತಲೆಮೇಲೆ ಹೊದ್ದುಕೊಳ್ಳುತ್ತಾಳೆ. "ಮಂದ್ಯಾಗ ಹೋಗಬೇಕಲ್ಲವಾ" ಎನ್ನುತ್ತಾಳೆ. ಮೊಮ್ಮಗಳು ಬಸ್ಸಿನಲ್ಲಿ ಟಿಕಳಿ ಸರಿಮಾಡಿಕೊಳ್ಳುವುದಕ್ಕೂ ಕಾರಣ ಅದೇ.

ತೊಟ್ಟದ್ದು ಮನಸ್ಸನ್ನು ಬದಲಿಸುತ್ತದೆಯೇ ಎಂಬುದನ್ನು ಪ್ರಯೋಗಶಾಲೆಯಲ್ಲೂ ನೋಡಿದ್ದಾರೆ. ಹಾಜೊ ಆಡಮ್ ಮತ್ತು ಆಡಮ್ ಗಲಿನ್ಸ್ಕಿ ಎಂಬ ಇಬ್ಬರು ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಳಿ ಕೋಟನ್ನು ಡಾಕ್ಟರರದೆಂದು ಹೇಳಿ ತೊಡಿಸಿದವರ ಗಮನ ಚುರುಕಾಯಿತು. ಅಂಥದೇ ಕೋಟನ್ನು ಪೇಂಟರನದೆಂದು ಹೇಳಿದಾಗ ಹಾಗಾಗಲಿಲ್ಲ. ಅವರ ಪ್ರಯೋಗಗಳಲ್ಲೊಂದನ್ನು 2019ರಲ್ಲಿ ಬೇರೆಯವರು ಮತ್ತೆ ಮಾಡಿದಾಗ ಅಂಥ ಫಲ ಕಾಣಲಿಲ್ಲ. ಹಾಗಾಗಿ ಉಡುಪು ಬುದ್ಧಿಯನ್ನೇ ಚುರುಕು ಮಾಡುತ್ತದೆ ಎಂದು ಖಚಿತವಾಗಿ ಹೇಳುವ ಹಾಗಿಲ್ಲ. ಆದರೆ ಹಿಂಜರಿಕೆ ಕಡಿಮೆಯಾಗುತ್ತದೆ ಎಂದು ಹುಡುಗಿಯೇ ಹೇಳಿದರೆ ನಂಬಲು ನನಗಂತೂ ಪ್ರಯೋಗಶಾಲೆ ಬೇಕಿಲ್ಲ.

ನನ್ನ ನಿಜವಾದ ಆತಂಕ ಬೇರೆ ಕಡೆ ಇದೆ. ಟಿಕಳಿಯ ಹಿಂದಿನ ಅಂಟನ್ನೇ ತೆಗೆದುಕೊಳ್ಳಿ. ಕೆಲವು ಅಂಟುಗಳಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫಿನಾಲ್ ಎಂಬ ರಾಸಾಯನಿಕ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ಹಾಳುಮಾಡುತ್ತದೆ. ಮೊದಲು ತುರಿಕೆ, ಆಮೇಲೆ ಟಿಕಳಿ ಹಚ್ಚುವ ಜಾಗದಲ್ಲೇ ದುಂಡನೆಯ ಬಿಳಿ ಕಲೆ. ತೊನ್ನೆಂದು ಹೆದರಿ ಗಂಡಿನವರು ಹಿಂದೆ ಸರಿಯುವ ನಮ್ಮ ಊರುಗಳಲ್ಲಿ ಆ ಕಲೆ ಹುಡುಗಿಯ ಜೀವ ಹಿಂಡುತ್ತದೆ. ತುರಿಕೆ ಕಂಡ ದಿನವೇ ಟಿಕಳಿ ಬಿಟ್ಟು ಚರ್ಮದ ಡಾಕ್ಟರರಿಗೆ ತೋರಿಸಬೇಕು. ಹಿಂದಿನವರು ಮೇಣ ಸವರಿ ಅದರ ಮೇಲೆ ಕುಂಕುಮ ಒತ್ತುತ್ತಿದ್ದರು. ಒಳ್ಳೆಯ ಕುಂಕುಮ ಸಿಕ್ಕರೆ ಆ ದಾರಿ ಇಂದಿಗೂ ಇದೆ.

ಬೆಳ್ಳಗಾಗಿಸುವ ಕ್ರೀಮುಗಳ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಕಪ್ಪಗಿರುವುದು ಕೊರತೆ ಎಂಬ ನಂಬಿಕೆ ಹೆಸರಿನೊಂದಿಗೆ ಹೋಗಲಿಲ್ಲ. ಇನ್ನೂ ಕೆಟ್ಟದ್ದು ಬೆಳ್ಳಗಾಗಲೆಂದು ಹಚ್ಚುವ ಸ್ಟಿರಾಯ್ಡ್ ಮುಲಾಮು. ಮೊದಲ ಕೆಲವು ದಿನ ಮುಖ ಹೊಳೆಯುತ್ತದೆ. ಹಚ್ಚುತ್ತಾ ಹೋದರೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತವೆ, ಬಿಟ್ಟರೆ ಉರಿ. ಇಂಥ 14 ಬಗೆಯ ಮುಲಾಮುಗಳನ್ನು ಡಾಕ್ಟರರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲಿ ಕಟ್ಟುಮಾಡಿತು. ಟಿಕಳಿ ಇರುವ ಮುಖವನ್ನು ಒಪ್ಪಿಕೊಂಡು ಅದಕ್ಕೊಂದು ಕಳೆ ಕೂಡಿಸುತ್ತದೆ, ಈ ಕ್ರೀಮು ಇರುವ ಮುಖವೇ ತಪ್ಪೆನ್ನುತ್ತದೆ. ಇವೆರಡನ್ನೂ ಒಂದೇ ಸಾಲಿನಲ್ಲಿ ಕೂಡಿಸಲಾರೆ.

ಕೊನೆಗೆ ನನ್ನನ್ನು ಸಿಂಗಾರದ ಕಡೆಗೇ ವಾಲಿಸುವವರು ಅದನ್ನು ಕಳೆದುಕೊಂಡ ಹೆಂಗಸರು. ಗಂಡ ಸತ್ತ ದಿನ ಕುಂಕುಮ ಅಳಿಸಿ ಬಳೆ ಒಡೆಯುವುದನ್ನು ನೋಡಿದವರಿಗೆ ಗೊತ್ತು: ಅಲ್ಲಿ ಹೋಗುವುದು ಒಡವೆಯಷ್ಟೇ ಅಲ್ಲ, ಶುಭಕಾರ್ಯದಲ್ಲಿ ಮುಂದೆ ನಿಲ್ಲುವ ಹಕ್ಕು. ಹಣೆಯ ಬೊಟ್ಟಿಗೆ ಬಲವೇ ಇಲ್ಲದಿದ್ದರೆ ಊರು ಅದನ್ನು ಅಷ್ಟು ನಿಷ್ಠುರವಾಗಿ ಕಿತ್ತುಕೊಳ್ಳುತ್ತಿರಲಿಲ್ಲ. ಗಡಿಯಾಚೆ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹೇರವಾಡ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ ಈ ಪದ್ಧತಿ ನಿಲ್ಲಿಸಲು ಠರಾವು ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ, ಉಳಿದ ಪಂಚಾಯಿತಿಗಳೂ ಹೀಗೇ ಮಾಡಲೆಂದು ಸುತ್ತೋಲೆ ಹೊರಡಿಸಿತು. ಠರಾವಿನಿಂದ ಊರಿನ ಮನಸ್ಸು ರಾತ್ರೋರಾತ್ರಿ ಬದಲಾಗುವುದಿಲ್ಲ, ಆದರೆ ಕುಂಕುಮ ಇಟ್ಟುಕೊಳ್ಳಬೇಕೆನ್ನುವವಳ ಬೆನ್ನಿಗೆ ಊರಿನ ಕಾಗದವೊಂದು ಇರುತ್ತದೆ. ನಮ್ಮ ನಾಲ್ಕೂ ತಾಲೂಕುಗಳಲ್ಲಿ ಗ್ರಾಮಸಭೆ ಸೇರಿದಾಗ ರಸ್ತೆ, ನೀರಿನ ಜೊತೆಗೆ ಈ ವಿಷಯವನ್ನೂ ಎತ್ತಬಹುದು. ಎತ್ತುವವರು ಆ ಹೆಂಗಸರೇ ಆಗಬೇಕೆಂದು ಕಾಯದೆ, ಅವರ ಅಣ್ಣ ತಮ್ಮಂದಿರು ಎತ್ತಲಿ.